ಮುಂಬೈ ಮಳೆಯಲ್ಲಿ ನಾಯಿಗೆ ವ್ಯಾಯಾಮ ಹೇಗೆ?

ಪ್ರಶ್ನೆ: ಮಾಟುಂಗಾದಲ್ಲಿರುವ ನಮ್ಮ 3 ವರ್ಷದ ಲ್ಯಾಬ್ರಡಾರ್, ಜುಲೈ ಮಳೆಯಿಂದಾಗಿ ನಾಲ್ಕು ದಿನಗಳಿಂದ ಹೊರಗೆ ಹೋಗಲಾಗದೆ ಚಪ್ಪಲಿಗಳನ್ನೆಲ್ಲ ಕಚ್ಚಿ ಹಾಕುತ್ತಿದೆ. ನೀರು ನಿಂತ ರಸ್ತೆಯಲ್ಲಿಯೇ ಅದನ್ನು ನಡೆಸಬಹುದೇ?

ಉತ್ತರ 1: ದಯವಿಟ್ಟು ಬೇಡ. ಇಲಿಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ನಾಯಿಗೂ, ಅದನ್ನು ಹಿಡಿದು ನಡೆಯುವ ನಿಮಗೂ ತಗಲಬಹುದು. ತೆರೆದ ಮ್ಯಾನ್‌ಹೋಲ್ ಇದ್ದರೂ ಆ ನೀರಿನಡಿ ಕಾಣುವುದಿಲ್ಲ. ಮಳೆ ಬಿಡುವು ಕೊಟ್ಟಾಗ ನೀರು ನಿಲ್ಲದ ಕಡೆ ಸ್ವಲ್ಪ ಹೊತ್ತು ತಿರುಗಾಡಿಸಿ, ಮರಳಿದೊಡನೆ ಕಾಲ್ಬೆರಳುಗಳ ಸಂದುಗಳನ್ನು ಒಣಗುವಂತೆ ಒರೆಸಿ.

ಉತ್ತರ 2: ನಾನು ಹಳೆಯ ಟವೆಲ್ಲಿನಲ್ಲಿ ನಾಯಿಯ ತಿನಿಸನ್ನು ಸುತ್ತಿ, ಸಡಿಲವಾಗಿ ಗಂಟು ಹಾಕಿ ಅಡಗಿಸಿಡುತ್ತೇನೆ, ಮೂಸಿ, ಹುಡುಕಿ, ಬಿಡಿಸುವಷ್ಟರಲ್ಲಿ ನಮ್ಮ ನಾಯಿ ದಣಿದು ಮಲಗುತ್ತದೆ. ನುಣುಪಾದ ಟೈಲ್ಸ್ ಮೇಲೆ ಮಾತ್ರ ಚೆಂಡೆಸೆದು ಓಡಿಸಬೇಡಿ. ಹಾಗೆ ಜಾರಿ ನಮ್ಮದು ಎರಡು ವಾರ ಕುಂಟಿತ್ತು.

ಪ್ರಶ್ನೆ ಕೇಳಿದವರು: ಟವೆಲ್ಲಿನ ಉಪಾಯ ಫಲಿಸಿತು. ಆದರೆ ಈಗ ಒಣಹಾಕಿದ ಟವೆಲ್ಲುಗಳನ್ನೂ ಅದು ಬಿಡುತ್ತಿಲ್ಲ.