‘ಅಜ್ಜನಮನೆ ಬಳಗ’ದಲ್ಲಿ ಒಂದು ಫಾರ್ವರ್ಡ್

ಭಾವ: *ಫಾರ್ವರ್ಡ್:* 1678ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೊಂಕಣಿಗಾಗಿ ನಾಗರಿ ಅಚ್ಚುಮೊಳೆ ಎರಕ ಹೊಯ್ದರು!! ಮಲಬಾರಿನ ಗಿಡಗಳ ಲ್ಯಾಟಿನ್ ಪುಸ್ತಕ ‘ಹೋರ್ಟಸ್ ಮಲಬಾರಿಕಸ್’ ಜಗತ್ತಿನ ಮೊತ್ತಮೊದಲ ನಾಗರಿ ಮುದ್ರಣ!! ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳಿಸಿ 🙏🙏

ಭಾವ: ನೋಡಿ ನಮ್ಮ ಕೊಂಕಣಿ. ಆಗ ನೀವು ಕನ್ನಡದವರು ಎಲ್ಲಿದ್ರಿ? 😄

ಚಿಕ್ಕಪ್ಪ: ಅಳಿಯಂದಿರೇ, ಪುಸ್ತಕ ನಿಜ, ಮೊಳೆ ಸುಳ್ಳು. ನೀವೇ ಹಾಕಿದ ಕೊಂಕಣಿ ಪುಟದ ಫೋಟೊ ದೊಡ್ಡದು ಮಾಡಿ ನೋಡಿ. ಒಂದೇ ಅಕ್ಷರ ಎರಡು ಕಡೆ ಬಂದಿದೆ, ಒಂದರ ಹಾಗೆ ಇನ್ನೊಂದಿಲ್ಲ. ಮೊಳೆ, ಅಂದ್ರೆ ಒಂದೊಂದು ಅಕ್ಷರಕ್ಕೆ ಎರಕ ಹೊಯ್ದ ಲೋಹದ ಅಚ್ಚು, ಆದ್ರೆ ಹಾಗಾಗುದಿಲ್ಲ. ಅದು ತಾಮ್ರದ ತಗಡಿನ ಮೇಲೆ ಕೈಯಲ್ಲಿ ಕೊರೆದದ್ದು.

ಭಾವ: ಅಚ್ಚು ಅಚ್ಚೇ ಅಲ್ವಾ ಮಾವ?

ಚಿಕ್ಕಪ್ಪ: ಮೂವತ್ತು ವರ್ಷ ಪ್ರೆಸ್ ನಡೆಸಿದವನ ಹತ್ರ ಈ ಮಾತಾ ಮಾರಾಯ್ರೆ! ಮೊಳೆಯಲ್ಲಿ ಉಬ್ಬಿದ ಭಾಗಕ್ಕೆ ಮಸಿ. ತಗಡಿನಲ್ಲಿ ಕೊರೆದ ಗೀರಿನೊಳಗೆ ಮಸಿ ತುಂಬಿಸಿ, ಮೇಲಿನದ್ದೆಲ್ಲ ಒರೆಸಿ, ಒದ್ದೆ ಕಾಗದ ಹಾಸಿ ಎರಡು ಉರುಳೆಗಳ ನಡುವೆ ಒತ್ತಬೇಕು. ಪ್ರೆಸ್ಸೇ ಬೇರೆ. ಲ್ಯಾಟಿನ್ ಪಠ್ಯ ಒಂದು ಪ್ರೆಸ್ಸಲ್ಲಿ, ಚಿತ್ರ ಇನ್ನೊಂದರಲ್ಲಿ. ಕೊರೆಯುವವ ಎಲ್ಲವನ್ನೂ ತಿರುಗುಮುರುಗಾಗಿ ಕೊರೆಯಬೇಕು. ಪಾಪ, ಆ ಡಚ್ಚನಿಗೆ ನಾಗರಿ ಓದಲೂ ಬಂದಿರಲಿಕ್ಕಿಲ್ಲ.

ತಮ್ಮ: ‘ಮೊತ್ತಮೊದಲ’ವೂ ಅಲ್ಲ ಭಾವ. 1667ರಲ್ಲಿ ಅದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜೆಸ್ವಿಟ್ ಪಾದ್ರಿ ಕಿರ್ಚರ್‌ನ ‘ಚೈನಾ ಇಲ್ಲಸ್ಟ್ರಾಟಾ’ ಪುಸ್ತಕ ಬಂತು. ಅದರಲ್ಲಿ ನಾಗರಿ ವರ್ಣಮಾಲೆಯ ತಗಡುಗಳಿವೆ. ಇನ್ನು ಮೊಳೆ ಅಂದ್ರೆ, 1578ರಲ್ಲೇ ಕೊಲ್ಲಂನಲ್ಲಿ ತಮಿಳು ಪುಸ್ತಕವನ್ನ ತಮಿಳು ಮೊಳೆಯಲ್ಲೇ ಮುದ್ರಿಸಿದ್ರು. ನಿಮ್ಮ ಪುಸ್ತಕಕ್ಕಿಂತ ಸರಿಯಾಗಿ ನೂರು ವರ್ಷ ಮೊದಲು.

ಭಾವ: ಎಲ್ರೂ ಸೇರಿ ಒಬ್ಬ ಅಳಿಯನ ಮೇಲೆ 😤

ಅಕ್ಕ: ನಾನು ನಿಮ್ಮ ಕಡೆ ರೀ. ಚಿಕ್ಕಪ್ಪ, 1843ರ ‘ಮಂಗಳೂರು ಸಮಾಚಾರ’ ಮೊದಲು ಬಂದದ್ದು ಕಲ್ಲಚ್ಚಿನಲ್ಲಿ. ಅದರಲ್ಲೂ ಮೊಳೆ ಇರ್ಲಿಲ್ಲ. ಕನ್ನಡದ ಮೊದಲ ಪತ್ರಿಕೆ ಅಂತ ವರ್ಷ ವರ್ಷ ಜುಲೈ 1ಕ್ಕೆ ಸ್ಟೇಟಸ್ ಹಾಕ್ತೀರಲ್ಲ?

(ಚಿಕ್ಕಪ್ಪ ಟೈಪಿಂಗ್… ಟೈಪಿಂಗ್… ತುಂಬಾ ಹೊತ್ತು.)

ಚಿಕ್ಕಪ್ಪ: ಮುದ್ರಣವೇ ಅಲ್ಲ ಅಂತ ನಾನು ಹೇಳಲಿಲ್ಲ. ಕಲ್ಲಿನ ಮೇಲೆ ಇವತ್ತು ಬರೆದು ಒತ್ತಿ, ಉಜ್ಜಿ ಅಳಿಸಿ, ಮುಂದಿನ ಸಂಚಿಕೆ ಬರೀಬಹುದು. ಮೊಳೆಯನ್ನ ಬಿಚ್ಚಿ ಇನ್ನೊಂದು ಪುಸ್ತಕಕ್ಕೆ ಜೋಡಿಸಬಹುದು. ತಗಡಿನಲ್ಲಿ ಕೊರೆದ ‘ಕ’ ಆ ತಗಡಿನಲ್ಲೇ ಬಿದ್ದಿರ್ತದೆ. 1616ರಲ್ಲಿ ಗೋವೆಯ ರಾಚೋಲ್‌ನಲ್ಲಿ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ತನ್ನ ಮರಾಠಿ ‘ಕ್ರಿಸ್ತಪುರಾಣ’ವನ್ನ ರೋಮನ್ ಅಕ್ಷರದಲ್ಲಿ ಅಚ್ಚು ಹಾಕಿಸಬೇಕಾಯ್ತು. ಅರವತ್ತು ವರ್ಷದ ನಂತರ ಆಮ್‌ಸ್ಟರ್‌ಡ್ಯಾಮ್‌ನಂಥ ಊರಲ್ಲೂ ಅಕ್ಷರದ ಚಿತ್ರ ಮಾತ್ರ. ಆ ತಗಡಿನಿಂದ ಇನ್ನೊಂದು ಕೊಂಕಣಿ ಪುಸ್ತಕ ಹುಟ್ಟಲಿಲ್ಲ. ನನ್ನ ತಕರಾರು ಅಷ್ಟೇ.

ಅತ್ತೆ: ಈಗ ನಾನು ಮಾತಾಡ್ತೇನೆ. ನಲವತ್ತು ಮೆಸೇಜ್ ಆಯ್ತು, ಗಿಡದ ಬಗ್ಗೆ ಒಬ್ರೂ ಇಲ್ಲ. 1693ರವರೆಗೆ 12 ಸಂಪುಟ, 700ಕ್ಕೂ ಹೆಚ್ಚು ಗಿಡ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಗಿಡಗಳಿಗೆ ಹೆಸರಿಡುವಾಗ ಮಲಬಾರಿನ ಎಷ್ಟೋ ಗಿಡಗಳನ್ನ ಕಂಡದ್ದೇ ಈ ಚಿತ್ರಗಳಲ್ಲಿ. ಮುಖಪುಟದಲ್ಲಿ ಹೆಸರು ಮಾತ್ರ ಕೊಚ್ಚಿಯ ಡಚ್ ಗವರ್ನರ್ ವಾನ್ ರೀಡೆಯದ್ದು. ಮದ್ದು ಗೊತ್ತಿದ್ದದ್ದು ಇಟ್ಟಿ ಅಚ್ಯುತನ್ ವೈದ್ಯರಿಗೆ, ಮತ್ತೆ ಕೊಚ್ಚಿಯ ಮೂವರು ಕೊಂಕಣಿಗರಿಗೆ: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಅಳಿಯ ಹಾಕಿದ ಪುಟ ಆ ಮೂವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ. ಪ್ರೆಸ್ ನಡೆಸಿದ ತಮ್ಮಾ, ಅದನ್ನ ಮೊಳೆಯಲ್ಲಿ ಜೋಡಿಸಿದ್ರೆ ಅವರ ಕೈಬರಹ ಇವತ್ತು ನಮ್ಮ ಮೊಬೈಲಿಗೆ ಬರ್ತಿತ್ತಾ?

ಚಿಕ್ಕಪ್ಪ: ಅವರ ಕೈಬರಹ ಡಚ್ಚನ ಕೈ ದಾಟಿ ಬಂದದ್ದಲ್ವಾ.

ಅತ್ತೆ: ದಾಟಿಯಾದರೂ ಬಂತಲ್ಲ!

ಭಾವ: ಅತ್ತೆಗೆ ಜೈ 🙌 ‘ಮೊಳೆ’ ತೆಗೀತೇನೆ, ‘ಮೊತ್ತಮೊದಲ’ವನ್ನೂ ತೆಗೀತೇನೆ. ಹೆಮ್ಮೆ ಬಿಡುದಿಲ್ಲ.

ಚಿಕ್ಕಪ್ಪ: ಬಿಡಬೇಡಿ. ಆ ಮೂವರ ಹೆಸರು ಹಾಕಿ. ಇಟ್ಟಿ ಅಚ್ಯುತನ್ ಹೆಸರೂ ಹಾಕಿ, ಅವರು ಕೊಂಕಣಿಯವರಲ್ಲ ಅಂತ ಬಿಡಬೇಡಿ.

ತಮ್ಮ: ಹತ್ತು ಜನಕ್ಕೆ ಕಳಿಸಿ ಅನ್ನುದನ್ನೂ ತೆಗೀರಿ ಭಾವ.