ಸಹಾಯ ಬೇಕು: ಗುಬ್ಬಿ ಮರಿಗಳಿಗೆ ಇರುವೆ ಕಾಟ, ಪೆಟ್ಟಿಗೆ ಜಾಗ ಬದಲಿಸಬಹುದಾ?

ನಮಸ್ಕಾರ. ನಮ್ಮದು ಮೈಸೂರು. ಹಿತ್ತಲ ಗೋಡೆಗೆ, ಸೂರಿನ ಕೆಳಗೆ ಒಂದು ಮರದ ಪೆಟ್ಟಿಗೆ ಹೊಡೆದಿದ್ದೆ. 2 ವರ್ಷ ಖಾಲಿ ಇತ್ತು. ಈ ಸಲ ಗುಬ್ಬಿ 3 ಮರಿ ಮಾಡಿದೆ. ಮರಿಗಳಿಗೆ ಸುಮಾರು 8 ದಿನ. ಕಣ್ಣು ಬಿಟ್ಟಿವೆ, ರೆಕ್ಕೆಯಲ್ಲಿ ಕಡ್ಡಿ ಕಡ್ಡಿಯಂತೆ ಪುಕ್ಕ ಮೂಡುತ್ತಿದೆ, ಬಾಯಂಚು ಇನ್ನೂ ಹಳದಿ.

ತೊಂದರೆ ಏನಂದ್ರೆ, ನಿನ್ನೆಯಿಂದ ಕೆಂಪಿರುವೆ ಸಾಲು ಗೋಡೆ ಹತ್ತಿ ಪೆಟ್ಟಿಗೆಗೇ ನುಗ್ಗುತ್ತಿದೆ. ಬೆಳಿಗ್ಗೆ ಒಂದು ಮರಿ ಕೆಳಗೆ ಬಿದ್ದಿತ್ತು. ಕಾಲಿಗೆ ಎರಡು ಇರುವೆ ಕಚ್ಚಿಕೊಂಡಿದ್ದವು. ಬಿಡಿಸಿ ವಾಪಸ್ ಇಟ್ಟೆ. ಮುಟ್ಟಿದರೆ ತಾಯಿ ಸೇರಿಸಲ್ಲ ಅಂತ ಅತ್ತೆ ಗಾಬರಿಯಾದರು. ಹತ್ತೇ ನಿಮಿಷಕ್ಕೆ ಹೆಣ್ಣುಗುಬ್ಬಿ ಹಸಿರು ಹುಳ ಕಚ್ಚಿಕೊಂಡು ಬಂತು!

ಗೋಡೆಗೆ ಅರಿಶಿನ ಬಳಿದೆ, ಮೊಳೆಗೆ ವ್ಯಾಸಲೀನ್ ಹಚ್ಚಿದೆ. ಸುತ್ತು ಹಾಕಿಕೊಂಡು ಮತ್ತೆ ಬರುತ್ತವೆ. ಇರುವೆ ಪುಡಿ ಹಾಕೋಕೆ ಧೈರ್ಯ ಇಲ್ಲ, ಮರಿಗಳ ಉಸಿರಿಗೆ ಹೋದರೆ?

ಹಾರೋಕೆ ಇನ್ನೂ ಒಂದು ವಾರ ಬೇಕು. ಮರಿಗಳಿದ್ದ ಹಾಗೇ ಪೆಟ್ಟಿಗೆಯನ್ನು 6 ಅಡಿ ಆಚೆ ತೊಲೆಗೆ ತಂತಿಯಲ್ಲಿ ನೇತುಹಾಕಿದರೆ ತಂದೆ ತಾಯಿ ಹುಡುಕಿಕೊಂಡು ಬರುತ್ತವಾ? ಅಥವಾ ಇದ್ದಲ್ಲೇ ಬಿಟ್ಟು ಇರುವೆ ತಡೆಯೋ ಬೇರೆ ದಾರಿ ಇದೆಯಾ? ಮಾಡಿ ನೋಡಿದವರು ದಯವಿಟ್ಟು ಇವತ್ತೇ ಹೇಳಿ.