ಕೆರೆ ತಿರುವಿನಲ್ಲಿ ಮತ್ತೆ ಜಿಂಕೆ ಅಡ್ಡ ಬಂತು, ಬೈಕ್ ಕಾರು ಓಡಿಸುವವರೆಲ್ಲ ದಯವಿಟ್ಟು ಓದಿ

ಮೂರನೇ ಅಡ್ಡರಸ್ತೆ, ಕೊನೇ ಮನೆ:
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಆರೂ ಮುಕ್ಕಾಲಿಗೆ ಕೆರೆ ತಿರುವಿನಲ್ಲಿ ನನ್ನ ಬೈಕಿಗೆ ಜಿಂಕೆ ಅಡ್ಡ ಬಂತು. ಹಿಂದೆ ಮಗಳು ಕೂತಿದ್ದಳು. ಮೊದಲನೆಯದು ರಸ್ತೆ ದಾಟಿ ಹೋಯಿತು, ಸದ್ಯ ಬಚಾವಾದೆವು ಅಂತ ನಾನು ಬ್ರೇಕ್ ಬಿಟ್ಟು ಮತ್ತೆ ಆಕ್ಸಿಲರೇಟರ್ ತಿರುವಿದೆ. ಅಷ್ಟರಲ್ಲಿ ಎರಡನೆಯದು ಅದೇ ಪೊದೆಯಿಂದ ನೆಗೆಯಿತು. ಒಂದು ಮಾರು ಅಂತರದಲ್ಲಿ ಉಳಿದೆವು. ಮನೆಗೆ ಬಂದ ಮೇಲೂ ತುಂಬಾ ಹೊತ್ತು ಕೈ ನಡುಗುತ್ತಿತ್ತು. ನನಗೆ ಗೊತ್ತಿರುವ ಹಾಗೆ ಈ ಎರಡು ತಿಂಗಳಲ್ಲಿ ನಮ್ಮವರಿಗೇ ಇದು ನಾಲ್ಕನೇ ಸಲ. ಇನ್ನು ಸುಮ್ನೆ ಕೂರುವುದು ಬೇಡ. ಏನು ಮಾಡಬಹುದು ಅಂತ ಇಲ್ಲೇ ಮಾತಾಡಿ ಒಂದು ತೀರ್ಮಾನಕ್ಕೆ ಬರೋಣ.

ಒಂದನೇ ಸಾಲು, ಮೂಲೆ ಮನೆ:
ಅಯ್ಯೋ, ಮಗು ಹುಷಾರಾಗಿದ್ದಾಳೆ ಅಲ್ವಾ? ನನ್ನ ಗಂಡ ದಿನಾ ಬೆಳಗ್ಗೆ ಐದೂವರೆಗೆ ಆ ದಾರಿಯಲ್ಲೇ ಹೋಗುವುದು.

ಮೂರನೇ ಅಡ್ಡರಸ್ತೆ, ಕೊನೇ ಮನೆ:
ಹುಷಾರಾಗಿದ್ದಾಳೆ ಅಕ್ಕ. ಭಾವನಿಗೆ ಖಂಡಿತ ಹೇಳಿ, ಬೆಳಗಿನ ಐದೂವರೆಯೂ ಅಪಾಯದ ಹೊತ್ತೇ. ಜಿಂಕೆ ಜಾಸ್ತಿ ಓಡಾಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ನಾವು ಕೆಲಸಕ್ಕೆ ಹೋಗುವುದೂ ಬರುವುದೂ ಅದೇ ಹೊತ್ತಿಗೆ.

ಐದನೇ ಸಾಲು, ಬೈಕ್‌ನವನು:
ನನ್ನ ಕಥೆ ಕೆಲವರಿಗೆ ಗೊತ್ತು, ಎಲ್ಲರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಹೋದ ವರ್ಷ ಅದೇ ತಿರುವು ಮುಗಿಯುವ ಜಾಗದಲ್ಲಿ ನನಗೂ ಜಿಂಕೆ ಎದುರಾಯಿತು. ವೇಗ ಅರವತ್ತರ ಹತ್ತಿರ ಇತ್ತು. ಅದು ಓಡಲಿಲ್ಲ, ಹೆಡ್‌ಲೈಟ್ ನೋಡುತ್ತಾ ನಿಂತುಬಿಟ್ಟಿತು. ಅದರ ಕಣ್ಣು ಕತ್ತಲೆಗೆ ಹೊಂದಿಕೊಂಡ ಕಣ್ಣು, ಕಡಿಮೆ ಬೆಳಕಿನಲ್ಲಿ ನೋಡಲೆಂದೇ ಒಳಗೆ ಬೆಳಕನ್ನು ವಾಪಸ್ ಹೊಡೆಯುವ ಪದರ ಇರುತ್ತದೆ. ರಾತ್ರಿ ನಮಗೆ ಹೊಳೆಯುವ ಹಾಗೆ ಕಾಣುವುದು ಅದೇ. ಏಕಾಏಕಿ ಜೋರು ಬೆಳಕು ಬಿದ್ದರೆ ಅದಕ್ಕೆ ಏನೂ ಕಾಣುವುದಿಲ್ಲ. ಇದೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡಿದ್ದು. ಆಗ ಮಾಡಿದ್ದು ಒಂದೇ, ಹ್ಯಾಂಡಲ್ ಪಕ್ಕಕ್ಕೆ ಎಳೆದೆ. ಪಕ್ಕದಲ್ಲಿ ಜಲ್ಲಿಪುಡಿ ಇತ್ತು. ಚಕ್ರ ಜಾರಿತು, ಬಿದ್ದೆ, ಕಾಲರ್ ಬೋನ್ ಮುರಿಯಿತು. ಜಿಂಕೆಗೆ ಒಂದು ಗೀರೂ ಬೀಳಲಿಲ್ಲ. ಹೆಲ್ಮೆಟ್ ಇದ್ದದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಬೈಕಿನವರು ದಯವಿಟ್ಟು ಕೇಳಿ. ಬೈಕ್ ನೆಟ್ಟಗಿರಲಿ, ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ, ವಾಲಿಕೊಂಡು ಬ್ರೇಕ್ ಹಿಡಿಯಬೇಡಿ. ಕೊನೇ ಗಳಿಗೆಯಲ್ಲಿ ತಪ್ಪಿಸಲು ಹೋದರೆ ಬೀಳುತ್ತೀರಿ, ಇಲ್ಲ ಎದುರಿನ ವಾಹನಕ್ಕೆ ಹೋಗಿ ಗುದ್ದುತ್ತೀರಿ. ಎಬಿಎಸ್ ಇರುವ ಬೈಕಾದರೆ ಚಕ್ರ ಲಾಕ್ ಆಗುವುದಿಲ್ಲ, ಗಟ್ಟಿಯಾಗಿಯೇ ಹಿಡಿಯಬಹುದು. ಮತ್ತೆ, ಗೆಳೆಯರೆಲ್ಲ ಸೇರಿ ಹೋಗುವಾಗ ಅಂಟಿಕೊಂಡು ಓಡಿಸಬೇಡಿ. ಮುಂದಿನವನು ಬಿದ್ದರೆ ಹಿಂದಿನವನಿಗೆ ನಿಲ್ಲಿಸಲು ಜಾಗ ಬೇಕು.

ಎರಡನೇ ಸಾಲು, ಹಸಿರು ಗೇಟ್:
ಕಾರಿನವರಿಗೂ ಇದೇ ಮಾತು. ಕಾರಿದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಕಡವೆಯ ದೊಡ್ಡ ಗಂಡು 200 ಕಿಲೋ ದಾಟಬಹುದು. ಅಂಥ ಎತ್ತರದ ಪ್ರಾಣಿಗೆ ಕಾರಿನ ಬಂಪರ್ ತಗುಲುವುದು ಕಾಲಿಗೆ. ಮೈ ಬಾನೆಟ್ ಮೇಲೆ ಉರುಳಿ ಗಾಜಿಗೆ ಬರುತ್ತದೆ. ಸೀಟ್ ಬೆಲ್ಟ್ ಹಿಂದೆ ಕೂತವರೂ ಹಾಕಿಕೊಳ್ಳಿ. ಸ್ಟೇರಿಂಗ್ ಎಳೆದು ಮರಕ್ಕೆ ಗುದ್ದುವುದಕ್ಕಿಂತ ನಮ್ಮ ಲೇನ್‌ನಲ್ಲೇ ಇದ್ದು ಪೂರ್ತಿ ಬ್ರೇಕ್ ಒತ್ತುವುದು ಮೇಲು.

ನಾಲ್ಕನೇ ಸಾಲು, ಎರಡನೇ ಮಹಡಿ:
ಮಾರುಕಟ್ಟೆಯಲ್ಲಿ ಜಿಂಕೆ ಓಡಿಸುವ ಸೀಟಿ ಸಿಗುತ್ತದೆ, ಬಂಪರ್‌ಗೆ ಅಂಟಿಸಿದರೆ ಸಾಕು. ಎಲ್ಲರೂ ಸೇರಿ ತರಿಸೋಣವಾ?

ಎರಡನೇ ಸಾಲು, ಹಸಿರು ಗೇಟ್:
ಬೇಡ ಸರ್. ಅದನ್ನು ಪರೀಕ್ಷೆ ಮಾಡಿದವರಿಗೆ ಪ್ರಯೋಜನ ಕಂಡಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಸೀಟಿ ಇದೆಯಲ್ಲ ಅಂತ ನಾವು ವೇಗ ಇಳಿಸುವುದಿಲ್ಲ. ಜಿಂಕೆ ಕಂಡಾಗ ಉದ್ದಕ್ಕೆ ಒಂದು ಹಾರ್ನ್ ಹೊಡೆಯಿರಿ, ಬ್ರೇಕ್ ಹಿಡಿದುಕೊಂಡೇ. ಎದುರಿಗೆ ವಾಹನ ಇಲ್ಲದಿದ್ದರೆ ಹೈ ಬೀಮ್ ಹಾಕಿ, ದೂರದಿಂದಲೇ ಕಣ್ಣು ಹೊಳೆಯುವುದು ಕಾಣುತ್ತದೆ. ಕಂಡ ತಕ್ಷಣ ಡಿಪ್ ಮಾಡಿ, ಆಗ ಅದಕ್ಕೆ ದಾರಿ ಕಾಣುತ್ತದೆ.

ಐದನೇ ಸಾಲು, ಬೈಕ್‌ನವನು:
ವೇಗದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಕಣ್ಣಿಗೆ ಬಿದ್ದು ಬ್ರೇಕ್ ಹಿಡಿಯುವ ಹೊತ್ತಿಗೆ ಒಂದೂವರೆ ಸೆಕೆಂಡ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ ಅಂತಲೂ ಇಟ್ಟುಕೊಳ್ಳಿ. 40 ಕಿಲೋಮೀಟರ್ ವೇಗದಲ್ಲಿದ್ದರೆ ಪೂರ್ತಿ ನಿಲ್ಲಲು ಸುಮಾರು 25 ಮೀಟರ್ ಬೇಕು. 60ರಲ್ಲಿ 45 ಮೀಟರ್. 80ರಲ್ಲಿ ಹತ್ತಿರ ಹತ್ತಿರ 70 ಮೀಟರ್. ಡಿಪ್ ಲೈಟಿನಲ್ಲಿ ನಮಗೆ ಸರಿಯಾಗಿ ಕಾಣುವುದೇ ಐವತ್ತು ಮೀಟರ್ ಆಸುಪಾಸು. ಅಂದರೆ 80ರಲ್ಲಿ ಹೋಗುವವನಿಗೆ ಜಿಂಕೆ ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ. ಅವನು ಎಷ್ಟೇ ಚೆನ್ನಾಗಿ ಓಡಿಸಲಿ, ನಿಲ್ಲಿಸಲು ಆಗುವುದಿಲ್ಲ. ತಿರುವಿನಲ್ಲಂತೂ ಪೊದೆ ಅಡ್ಡ ಇರುವುದರಿಂದ ಐವತ್ತು ಮೀಟರೂ ಕಾಣುವುದಿಲ್ಲ.

ನಾಲ್ಕನೇ ಸಾಲು, ಎರಡನೇ ಮಹಡಿ:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇವತ್ತಿನಿಂದ ನಾನು ಅಲ್ಲಿ 40 ದಾಟುವುದಿಲ್ಲ.

ಒಂದನೇ ಸಾಲು, ಮೂಲೆ ಮನೆ:
ರಸ್ತೆಯ ಎರಡೂ ಕಡೆ ಬೇಲಿ ಹಾಕಿಸಿದರೆ ಮುಗಿಯಿತಲ್ಲ?

ಆರನೇ ಸಾಲು, ಹಿರಿಯರು:
ತಾಯಿ, ಬರೀ ಬೇಲಿ ಹಾಕಿದರೆ ಜಿಂಕೆ ಬೇಲಿ ಮುಗಿಯುವ ಕಡೆ ಹೋಗಿ ದಾಟುತ್ತದೆ. ಒಳಗೆ ಸಿಕ್ಕಿಕೊಂಡರೆ ಇನ್ನೂ ಕಷ್ಟ, ರಸ್ತೆಯಲ್ಲೇ ಹಿಂದೆ ಮುಂದೆ ಓಡುತ್ತದೆ. ಅದಕ್ಕೆ ನೀರು ಬೇಕು. ನೀರು ಒಂದು ಕಡೆ, ಕುರುಚಲು ಕಾಡು ಇನ್ನೊಂದು ಕಡೆ, ನಮ್ಮ ರಸ್ತೆ ನಡುವೆ. ಕೆನಡಾದ ಬಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಗೆ ಬೇಲಿಯ ಜೊತೆಗೆ ಪ್ರಾಣಿ ದಾಟಲು ಮೇಲ್ಸೇತುವೆ, ಕೆಳದಾರಿ ಎರಡನ್ನೂ ಕಟ್ಟಿದರು. ಅಲ್ಲಿ ಪ್ರಾಣಿಗಳಿಗೆ ವಾಹನ ಗುದ್ದುವುದು ಶೇಕಡಾ 80ಕ್ಕಿಂತ ಜಾಸ್ತಿ ಇಳಿಯಿತು. ದಾರಿ ಕೊಟ್ಟರೆ ಮಾತ್ರ ಬೇಲಿ ಕೆಲಸ ಮಾಡುತ್ತದೆ. ನಮ್ಮ ಚಿಕ್ಕ ರಸ್ತೆಗೆ ಸೇತುವೆ ಕೇಳುವ ಹಾಗಿಲ್ಲ, ಆದರೆ ಕೆರೆ ಕೋಡಿಯ ಹತ್ತಿರ ಒಂದು ಹಳೇ ಮೋರಿ ಇದೆ. ಹೂಳು ತುಂಬಿದೆ. ಅದನ್ನು ತೆಗೆಸಿದರೆ ಸಣ್ಣ ಪ್ರಾಣಿಗಳಾದರೂ ಕೆಳಗಿನಿಂದ ಹೋಗುತ್ತವೆ.

ಇನ್ನೊಂದು ಮಾತು, ಯಾರೂ ಬೇಸರ ಮಾಡಿಕೊಳ್ಳಬೇಡಿ. ತಿರುವಿನ ಹತ್ತಿರ ರಸ್ತೆ ಬದಿಗೆ ತರಕಾರಿ ಸಿಪ್ಪೆ, ಹಣ್ಣು ಸುರಿಯುವವರು ನಮ್ಮಲ್ಲೇ ಇದ್ದೀರಿ. ಪಾಪ ಪ್ರಾಣಿ ತಿನ್ನಲಿ ಅಂತಲೇ ಹಾಕುತ್ತೀರಿ, ಅದು ನನಗೆ ಗೊತ್ತು. ಆದರೆ ಅದೇ ಅವುಗಳನ್ನು ಟಾರಿನ ಅಂಚಿಗೆ ಕರೆದು ನಿಲ್ಲಿಸುತ್ತದೆ. ಇವತ್ತೇ ನಿಲ್ಲಿಸಿ.

ಮೂರನೇ ಅಡ್ಡರಸ್ತೆ, ಕೊನೇ ಮನೆ:
ಸರಿಯಾಗಿ ಹೇಳಿದಿರಿ ಸರ್. ನಾವೂ ಹಾಕಿದ್ದುಂಟು. ಇನ್ನು ಹಾಕುವುದಿಲ್ಲ.

ಎರಡನೇ ಸಾಲು, ಹಸಿರು ಗೇಟ್:
ಹೋದ ಸಲ ಅರ್ಜಿ ಕೊಟ್ಟಾಗ ಒಂದು ಫಲಕ ಹಾಕಿ ಹೋದರು. ನಿಜ ಹೇಳಬೇಕೆಂದರೆ ವಾರದ ಮೇಲೆ ನಾನೇ ಅದನ್ನು ನೋಡುವುದು ಬಿಟ್ಟೆ. ವರ್ಷಪೂರ್ತಿ ಅಲ್ಲೇ ನಿಂತಿರುವ ಫಲಕ ಕಣ್ಣಿಗೆ ರೂಢಿಯಾಗಿಬಿಡುತ್ತದೆ. ಈ ಸಲ ಹಂಪ್ ಕೇಳೋಣ, ತಿರುವಿನ ಎರಡೂ ಕಡೆಗೆ. ಹಂಪ್ ಇದ್ದರೆ ಅಪರಿಚಿತರೂ ನಿಧಾನ ಮಾಡಲೇಬೇಕು. ಜೊತೆಗೆ ರಸ್ತೆ ಅಂಚಿನ ಪೊದೆ ಸವರಲು ಕೇಳೋಣ. ಮರ ಬೇಡ, ಬರೀ ಪೊದೆ. ಪ್ರಾಣಿ ಹೊರಗೆ ಬರುವ ಮೊದಲೇ ನಮಗೆ ಕಾಣಬೇಕು.

ಐದನೇ ಸಾಲು, ಬೈಕ್‌ನವನು:
ಬರೀ ಅರ್ಜಿ ಕೊಟ್ಟರೆ ಮತ್ತೆ ಫಲಕವೇ ಬರುತ್ತದೆ. ದಾಖಲೆ ಬೇಕು. ಯಾರಿಗೆ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬಂತು, ಎಷ್ಟು ಇದ್ದವು ಅಂತ ಬರೆದಿಡೋಣ. ಗುದ್ದದೆ ಉಳಿದದ್ದನ್ನೂ ಬರೆಯಿರಿ, ಅದು ಮುಖ್ಯ. ವಿದ್ಯುತ್ ಕಂಬಗಳ ಮೇಲೆ ನಂಬರ್ ಇದೆಯಲ್ಲ, ಹತ್ತಿರದ ಕಂಬದ ನಂಬರ್ ಹಾಕಿದರೆ ಜಾಗ ಸ್ಪಷ್ಟವಾಗುತ್ತದೆ. ನಾನು ಪಟ್ಟಿ ನೋಡಿಕೊಳ್ಳುತ್ತೇನೆ.

ಒಂದನೇ ಸಾಲು, ಮೂಲೆ ಮನೆ:
ಒಂದು ವೇಳೆ ಗುದ್ದಿಯೇಬಿಟ್ಟರೆ ಏನು ಮಾಡಬೇಕು? ಅದನ್ನೂ ಹೇಳಿ ಅಣ್ಣ.

ಎರಡನೇ ಸಾಲು, ಹಸಿರು ಗೇಟ್:
ಮೊದಲು ವಾಹನ ಬದಿಗೆ ತೆಗೆದು ನಾಲ್ಕೂ ಇಂಡಿಕೇಟರ್ ಹಾಕಿ. ಹಿಂದಿನಿಂದ ಬರುವವರು ಗುದ್ದುವುದೇ ಹೆಚ್ಚು ಅಪಾಯ. ಜನರಿಗೆ ಪೆಟ್ಟಾಗಿದ್ದರೆ ಆಂಬುಲೆನ್ಸ್ ಕರೆಯಿರಿ, ಬಿದ್ದ ಬೈಕ್ ಸವಾರರ ಕುತ್ತಿಗೆ ಅಲ್ಲಾಡಿಸಬೇಡಿ. ಗಾಯಗೊಂಡ ಜಿಂಕೆಯ ಹತ್ತಿರ ಹೋಗಬೇಡಿ, ಹೆದರಿಕೆಯಲ್ಲಿ ಗೊರಸು ಕೊಂಬು ಎರಡರಿಂದಲೂ ಹೊಡೆಯುತ್ತದೆ. ಪೊಲೀಸರಿಗೆ, ಅರಣ್ಯ ಸಿಬ್ಬಂದಿಗೆ ತಿಳಿಸಿ ದೂರ ನಿಂತು ಕಾಯಿರಿ. ಅದು ಎದ್ದು ಓಡಿಹೋದರೂ ತಿಳಿಸಿ, ಒಳಗೆ ಪೆಟ್ಟಾಗಿರಬಹುದು.

ಆರನೇ ಸಾಲು, ಹಿರಿಯರು:
ಭಾನುವಾರ ಬೆಳಗ್ಗೆ ಆರೂವರೆಗೆ ಗೇಟ್ ಹತ್ತಿರ ಸೇರೋಣ. ಕೆರೆ ತಿರುವಿನವರೆಗೆ ನಡೆದು ಹೋಗಿ, ಗೊರಸಿನ ಗುರುತು ಎಲ್ಲೆಲ್ಲಿ ಇದೆ ನೋಡಿ ಕಂಬದ ನಂಬರ್ ಬರೆದುಕೊಳ್ಳೋಣ. ಅರ್ಜಿಗೆ ಅದನ್ನೇ ಲಗತ್ತಿಸೋಣ. ಯಾರು ಯಾರು ಬರುತ್ತೀರಿ?

ನಾಲ್ಕನೇ ಸಾಲು, ಎರಡನೇ ಮಹಡಿ:
ನಾನು ಬರುತ್ತೇನೆ. ಅರ್ಜಿ ಟೈಪ್ ಮಾಡುವುದೂ ನನಗಿರಲಿ.

ಮೂರನೇ ಅಡ್ಡರಸ್ತೆ, ಕೊನೇ ಮನೆ:
ನಾನೂ ಬರುತ್ತೇನೆ ಸರ್. ಮಗಳೂ ಬರುತ್ತಾಳಂತೆ. ಜಿಂಕೆ ಯಾವ ಪೊದೆಯಿಂದ ಬಂತು ಅನ್ನುವುದು ನನಗಿಂತ ಅವಳಿಗೇ ಚೆನ್ನಾಗಿ ನೆನಪಿದೆ.